ಕಾದ ತಾರಸಿ, ಏರುವ ಬಿಲ್ಲು

(ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳ ಹೊಸ ಮನೆಗಳನ್ನು ಕುರಿತ ಉಪನ್ಯಾಸದ ಪಠ್ಯ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಆಡಳಿತದ ಗೆರೆಗಳು ಇಲ್ಲಿ ಹಲವು ಬಾರಿ ಬದಲಾಗಿವೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಅನಂತರ ಹೊಸ ಜಿಲ್ಲೆಯನ್ನು ಸೇರಿತು. ಬಿಸಿಲು ಮಾತ್ರ ಯಾವ ಗೆರೆಯನ್ನೂ ಲೆಕ್ಕಿಸದೆ ಐದೂ ಕಡೆ ಒಂದೇ ಸಮನೆ ಸುಡುತ್ತ ಬಂದಿದೆ. ಶಿವರಾತ್ರಿ ಕಳೆದೊಡನೆ ಕಾಯತೊಡಗುವ ಬಂಡೆಗುಡ್ಡಗಳು ಮುಂಗಾರಿನ ಮೊದಲ ಮಳೆ ಬೀಳುವವರೆಗೆ ತಣಿಯುವುದಿಲ್ಲ. ಈ ಬಿಸಿಲಿನಲ್ಲಿ ಬದುಕುವ ವಿದ್ಯೆಯನ್ನು ಇಲ್ಲಿನ ಜನ ತಲೆಮಾರುಗಳಿಂದ ಅರಿತಿದ್ದರು. ಆ ವಿದ್ಯೆ ಅವರ ಮನೆಯ ಗೋಡೆಯಲ್ಲಿ, ಮಾಳಿಗೆಯಲ್ಲಿ ಅಡಗಿತ್ತು. ಇಂದು ಅದನ್ನು ಕೆಡವಿದ ಜಾಗದಲ್ಲಿ ಹೊಸ ಮನೆ ಎದ್ದಿದೆ. ಹೊಸ ಮನೆಯ ಜೊತೆಗೆ ಪ್ರತಿ ತಿಂಗಳು ತೆರಬೇಕಾದ ಹೊಸ ಕಂದಾಯವೊಂದು ಹುಟ್ಟಿಕೊಂಡಿದೆ. ಅದರ ಹೆಸರು ವಿದ್ಯುತ್ ಬಿಲ್ಲು.

ಶಾಖವನ್ನು ಸಾಗಿಸುವ ಯಂತ್ರ

ಯೂರೋಪಿನ ಚಳಿ ದೇಶಗಳಲ್ಲಿ ಈಚಿನ ವರ್ಷಗಳಲ್ಲಿ 'ಹೀಟ್ ಪಂಪ್' ಎಂಬ ಯಂತ್ರದ ಬಗ್ಗೆ ದೊಡ್ಡ ಚರ್ಚೆ ನಡೆದಿದೆ. ಕಲ್ಲಿದ್ದಲು, ಅನಿಲ ಸುಡುವುದನ್ನು ಬಿಟ್ಟು ವಿದ್ಯುತ್ತಿನಿಂದ ಮನೆಯನ್ನು ಬೆಚ್ಚಗಿಡಬೇಕೆಂಬ ಸದುದ್ದೇಶದಿಂದ ಅಲ್ಲಿನ ಸರ್ಕಾರಗಳು ಹೊಸ ಮನೆಗಳಿಗೆ ಈ ಯಂತ್ರವನ್ನು ಪ್ರೋತ್ಸಾಹಿಸುತ್ತಿವೆ. ಜರ್ಮನಿಯಲ್ಲಿ 2024ರ ಜನವರಿಯಿಂದ ಜಾರಿಗೆ ಬಂದ ಕಾನೂನಂತೂ ದೇಶದಾದ್ಯಂತ ಕೋಲಾಹಲವನ್ನೇ ಎಬ್ಬಿಸಿತು. ಹೊಸ ಮನೆಗೆ ಹೋದ ಹಲವು ಕುಟುಂಬಗಳ ದೂರು ಒಂದೇ: ಯಂತ್ರ ಒಳ್ಳೆಯದು, ಆದರೆ ಅದನ್ನು ನಡೆಸುವ ಖರ್ಚು ಹೆಚ್ಚು. ಅನಿಲಕ್ಕಿಂತ ವಿದ್ಯುತ್ತು ಬಹಳ ತುಟ್ಟಿಯಾದ ದೇಶಗಳಲ್ಲಿ, ಗೋಡೆ ಛಾವಣಿಗಳಿಂದ ಶಾಖ ಸೋರುವ ಮನೆಗಳಲ್ಲಿ, ತಪ್ಪು ಅಳತೆಯ ಯಂತ್ರ ಕೂರಿಸಿದಲ್ಲಿ ಈ ದೂರು ನಿಜವೂ ಆಗಿದೆ.

ಬಯಲುಸೀಮೆಯವರಿಗೆ ಇದು ದೂರದ ದೇಶದ ಮಾತೆನಿಸಬಹುದು. ಆದರೆ ಕೊಟ್ಟೂರಿನ ಅಂಗಡಿಯಲ್ಲಿ ಮಾರುವ ಎಸಿ ಯಂತ್ರವೂ ಹೀಟ್ ಪಂಪೇ. ಅದು ತಂಪನ್ನು ಉತ್ಪಾದಿಸುವುದಿಲ್ಲ. ಕೋಣೆಯೊಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಚಳಿದೇಶದ ಯಂತ್ರ ಹೊರಗಿನ ಶಾಖವನ್ನು ಒಳಗೆ ತರುತ್ತದೆ, ಇಲ್ಲಿನದು ಒಳಗಿನದನ್ನು ಹೊರಗೆ ಹಾಕುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ಟಿನಷ್ಟು ಶಾಖವನ್ನು ಅದು ಸಾಗಿಸಬಲ್ಲದು. ಇದು ನಿಜಕ್ಕೂ ಜಾಣ ಯಂತ್ರ.

ಅದರ ಕಷ್ಟವನ್ನು ಬೋರ್‌ವೆಲ್ಲಿನ ಉದಾಹರಣೆಯಿಂದ ತಿಳಿಯಬಹುದು. ನೀರು ನೂರು ಅಡಿಯಲ್ಲಿದ್ದಾಗ ಪಂಪು ಸರಾಗವಾಗಿ ಎತ್ತುತ್ತದೆ. ಅದೇ ನೀರು ಐನೂರು ಅಡಿಗೆ ಇಳಿದರೆ ಅಷ್ಟೇ ಕೊಡಕ್ಕೆ ಹಲವು ಪಟ್ಟು ಕರೆಂಟು ಬೇಕು. ಶಾಖದ ಪಂಪಿಗೂ ಇದೇ ನಿಯಮ. ಒಳಗಿನ ತಂಪಿಗೂ ಹೊರಗಿನ ಬಿಸಿಗೂ ನಡುವಣ ಅಂತರವೇ ಅದರ ಬಾವಿಯ ಆಳ. ಹೊರಗೆ 32 ಡಿಗ್ರಿ ಇದ್ದಾಗ ಸುಲಭವಾಗಿ ನಡೆಯುವ ಯಂತ್ರ, ಹೊರಗೆ 41 ಡಿಗ್ರಿ ಆದಾಗ ಏದುಸಿರು ಬಿಡುತ್ತದೆ. ಅದು ಅತಿ ಹೆಚ್ಚು ಬೇಕಾಗುವ ದಿನವೇ ಅದರ ದಕ್ಷತೆ ಅತಿ ಕಡಿಮೆ.

ಕೆಡವಿದ ಮಾಳಿಗೆ, ಕಟ್ಟಿದ ತಾರಸಿ

ಈ ಸೀಮೆಯ ಹಳೆಯ ಮನೆಗಳನ್ನು ನೋಡಿದವರಿಗೆ ಅವುಗಳ ರಚನೆ ನೆನಪಿರುತ್ತದೆ. ಕಲ್ಲು ಮಣ್ಣುಗಳ ಒಂದೂವರೆ ಎರಡು ಅಡಿ ದಪ್ಪದ ಗೋಡೆ. ಮರದ ಕಂಬ, ತೊಲೆ, ಜಂತಿ. ಅದರ ಮೇಲೆ ಕಟ್ಟಿಗೆಯ ಚಕ್ಕೆ, ಸೊಪ್ಪುಸದೆ. ಅದರ ಮೇಲೆ ಗೇಣುದ್ದಕ್ಕೂ ಮಿಕ್ಕಿದ ಮಣ್ಣು. ಎಲ್ಲಕ್ಕೂ ಮೇಲೆ ಮಳೆನೀರು ಇಳಿಯದಂತೆ ಚೌಳು ಮಣ್ಣಿನ ಹೊದಿಕೆ. ಗಾಳಿ ಬೆಳಕಿಗೆ ಮಾಳಿಗೆಯಲ್ಲೊಂದು ಬೆಳಕಿಂಡಿ, ಬೀದಿಗೆ ಕಟ್ಟೆ, ಒಳಗೆ ಪಡಸಾಲೆ. ಮಧ್ಯಾಹ್ನದ ಬಿಸಿಲು ಈ ದಪ್ಪ ಮಣ್ಣನ್ನು ದಾಟಿ ಒಳಗೆ ಇಳಿಯುವಷ್ಟರಲ್ಲಿ ಸಂಜೆ ಕಳೆದು ರಾತ್ರಿಯಾಗುತ್ತಿತ್ತು. ಅಷ್ಟು ಹೊತ್ತಿಗೆ ಮನೆಯವರು ಚಾಪೆ ಹಿಡಿದು ಮಾಳಿಗೆ ಹತ್ತಿ, ಬಯಲ ಗಾಳಿಗೆ ಮೈಯೊಡ್ಡಿ ಮಲಗಿರುತ್ತಿದ್ದರು. ಬಿಸಿಲು ಒಳಗೆ ಬಂದಾಗ ಜನ ಹೊರಗೆ. ಬಿಸಿಲು ಹೊರಗಿದ್ದಾಗ ಜನ ಒಳಗೆ. ಒಂದು ಪೈಸೆಯ ವಿದ್ಯುತ್ತೂ ಇಲ್ಲದೆ ನಡೆದ ವ್ಯವಸ್ಥೆ ಇದು.

ಹಾಗೆಂದು ಹಳೆಯ ಮನೆಯನ್ನು ಹಾಡಿ ಹೊಗಳುವುದು ಸುಲಭ. ಅದರಲ್ಲಿ ಬಾಳಿದವರ ಕಷ್ಟ ಬೇರೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹೊರಬೇಕು. ಹೊರುವ ಕೆಲಸ ಬಹುಪಾಲು ಹೆಣ್ಣುಮಕ್ಕಳ ತಲೆಯ ಮೇಲೆ. ಜಡಿಮಳೆ ಹಿಡಿದರೆ ಸೋರಿಕೆ, ಬಿರುಕಿನಲ್ಲಿ ಚೇಳು, ಕಂಬಕ್ಕೆ ಗೆದ್ದಲು. ತೊಲೆಗೆ ಬೇಕಾದ ಮರ ಗುಡ್ಡದಲ್ಲಿ ಉಳಿದಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದ ಉದ್ದಗಲಕ್ಕೂ ಮಣ್ಣಿನ ಮನೆಗಳು ಕುಸಿದು ಜನ ಸತ್ತದ್ದು ಮರೆಯುವಂತಹುದಲ್ಲ. ಗುಳೆ ಹೋದ ಮನೆಯ ಮಾಳಿಗೆಗೆ ಮಣ್ಣು ಹಾಕುವವರು ಯಾರು? ಮಲೆನಾಡಿನ ಕಾಫಿ ತೋಟಗಳಿಗೂ ಬೆಂಗಳೂರಿನ ಕಟ್ಟಡ ಕೆಲಸಕ್ಕೂ ವರ್ಷದಲ್ಲಿ ಹಲವು ತಿಂಗಳು ಹೋಗುವ ಕುಟುಂಬಗಳಿಗೆ, ಬೀಗ ಹಾಕಿ ಹೋದರೂ ನಿಂತಿರುವ ಮನೆ ಬೇಕಿತ್ತು. ಆರ್‌ಸಿಸಿ ಮನೆ ಅವರಿಗೆ ಕೇವಲ ಪ್ರತಿಷ್ಠೆಯಾಗಿರಲಿಲ್ಲ, ನೆಮ್ಮದಿಯೂ ಆಗಿತ್ತು.

ಸರ್ಕಾರದ ವಸತಿ ಯೋಜನೆಗಳೂ ಇದೇ ದಾರಿಯನ್ನು ಗಟ್ಟಿಮಾಡಿದವು. 2016ರಲ್ಲಿ ಆರಂಭವಾದ ಗ್ರಾಮೀಣ ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಬಯಲು ಪ್ರದೇಶಕ್ಕೆ ಸಹಾಯಧನ 1.20 ಲಕ್ಷ ರೂಪಾಯಿ. ಈ ಹಣದಲ್ಲಿ ಏಳುವುದು ಆರು ಇಂಚಿನ ಸಿಮೆಂಟ್ ಇಟ್ಟಿಗೆಯ ಗೋಡೆ, ನಾಲ್ಕೈದು ಇಂಚಿನ ತಾರಸಿ, ಪಡುವಣಕ್ಕೊಂದು ಸಣ್ಣ ಕಿಟಕಿ. ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಹಂತಕ್ಕೆ ಫೋಟೋ ತೆಗೆದು ಬಿಲ್ಲು ಮಾಡುತ್ತಾರೆ. ಏಪ್ರಿಲ್ ತಿಂಗಳ ರಾತ್ರಿ ಒಂಬತ್ತು ಗಂಟೆಗೆ ಆ ಕೋಣೆಯಲ್ಲಿ ಎಷ್ಟು ಸೆಖೆ ಇರುತ್ತದೆ ಎಂಬುದನ್ನು ಅಳೆಯುವ ಹಂತ ಮಾತ್ರ ಆ ಪಟ್ಟಿಯಲ್ಲಿಲ್ಲ.

ತಾರಸಿಯ ಲೆಕ್ಕ

ಬಿಸಿಲಿಗೆ ತೆರೆದುಕೊಂಡ ಬರಿ ಕಾಂಕ್ರೀಟ್ ತಾರಸಿ ಬೇಸಿಗೆಯ ಮಧ್ಯಾಹ್ನ 60 ಡಿಗ್ರಿ ಮುಟ್ಟುವುದುಂಟು. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆಯನ್ನು ತೆಗೆದುಕೊಳ್ಳಿ. ಅದರ ಛಾವಣಿ ಸುಮಾರು 11 ಚದರ ಮೀಟರ್. ಒಳಗೆ 26 ಡಿಗ್ರಿ ಇರಬೇಕೆಂದರೆ, ಸ್ಥೂಲ ಲೆಕ್ಕದಲ್ಲಿ ಈ ತಾರಸಿಯೊಂದರಿಂದಲೇ ಸುಮಾರು 1,300 ವಾಟ್‌ನಷ್ಟು ಶಾಖ ಕೋಣೆಗೆ ಇಳಿಯುತ್ತದೆ. ಒಂದು ಟನ್ ಎಸಿಯ ಸಾಮರ್ಥ್ಯವೆಂದರೆ 3,500 ವಾಟ್ ಶಾಖವನ್ನು ಹೊರಹಾಕುವುದು. ಎಂದರೆ ಯಂತ್ರದ ದುಡಿಮೆಯಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು, ಮನೆಯ ತಲೆಯ ಮೇಲಿರುವ ತಾರಸಿಯೊಡನೆ ಗುದ್ದಾಡುವುದರಲ್ಲೇ ಕಳೆಯುತ್ತದೆ. ಸೂರ್ಯ ಮುಳುಗಿದ ಮೇಲೂ ಈ ಗುದ್ದಾಟ ನಿಲ್ಲುವುದಿಲ್ಲ. ಹಗಲೆಲ್ಲ ಕುಡಿದ ಬಿಸಿಲನ್ನು ಕಾಂಕ್ರೀಟು ಸಂಜೆಯಿಂದ ಮಧ್ಯರಾತ್ರಿಯವರೆಗೆ ಒಳಗೆ ಕಾರುತ್ತಿರುತ್ತದೆ. ಫ್ಯಾನು ತಿರುಗಿಸುವುದು ಆ ಬಿಸಿ ಗಾಳಿಯನ್ನೇ.

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಸತಿ ಕಟ್ಟಡಗಳಿಗಾಗಿ 'ಇಕೋ ನಿವಾಸ್ ಸಂಹಿತಾ' ಎಂಬ ನಿಯಮಾವಳಿಯನ್ನು ಹೊರತಂದಿತು. ಅದರ ಪ್ರಕಾರ ಛಾವಣಿಯ ಪ್ರತಿ ಚದರ ಮೀಟರಿನಿಂದ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, 1.2 ವಾಟ್‌ಗಿಂತ ಹೆಚ್ಚು ಶಾಖ ದಾಟಬಾರದು. ಬರಿ ತಾರಸಿಯಿಂದ ದಾಟುವುದು ಇದರ ಸುಮಾರು ಮೂರು ಪಟ್ಟು. ಆದರೆ ಈ ಸಂಹಿತೆಯ ದೃಷ್ಟಿ ಇರುವುದು ನಗರಗಳ ದೊಡ್ಡ ವಸತಿ ಸಮುಚ್ಚಯಗಳ ಕಡೆಗೆ. ಹಳ್ಳಿಯ ಮೇಸ್ತ್ರಿಯ ಕಿವಿಗೆ ಅದರ ಹೆಸರೂ ಬಿದ್ದಿಲ್ಲ.

ಐವತ್ತೆಂಟು ಯೂನಿಟ್ಟಿನ ಮನೆ

ಇನ್ನು ಬಿಲ್ಲಿನ ಕಡೆಗೆ ಬರೋಣ. 2023ರಲ್ಲಿ ರಾಜ್ಯ ಸರ್ಕಾರ ಗೃಹಜ್ಯೋತಿ ಯೋಜನೆಯನ್ನು ತಂದಿತು. 200 ಯೂನಿಟ್ಟಿನವರೆಗೆ ಉಚಿತವೆಂಬ ಮಾತು ಮನೆಮನೆಗೂ ತಲುಪಿತು. ಆದರೆ ನಿಯಮ ಬೇರೆ ಇದೆ. ಪ್ರತಿ ಮನೆ 2022-23ರಲ್ಲಿ ಬಳಸಿದ ಮಾಸಿಕ ಸರಾಸರಿ, ಅದರ ಮೇಲೆ ಶೇಕಡಾ 10: 2023ರಲ್ಲಿ ಇಷ್ಟಕ್ಕೆ ಮಾತ್ರ ಉಚಿತವೆಂದು ನಿಗದಿಯಾಯಿತು. ಹೊಸದಾಗಿ ಕಟ್ಟಿದ ಮನೆಗೆ ಹಿಂದಿನ ಬಳಕೆಯ ದಾಖಲೆಯೇ ಇಲ್ಲವಾದ್ದರಿಂದ ರಾಜ್ಯದ ಸರಾಸರಿಯಾದ 53 ಯೂನಿಟ್ಟಿಗೆ ಶೇಕಡಾ 10 ಸೇರಿಸಿ 58 ಯೂನಿಟ್ ಎಂದು ನಿಗದಿಪಡಿಸಲಾಯಿತು. ಬಳಕೆ 200 ಯೂನಿಟ್ ದಾಟಿದ ತಿಂಗಳು ಉಚಿತದ ಪಾಲೂ ಇಲ್ಲ. ಪೂರ್ತಿ ಬಿಲ್ಲು ಕಟ್ಟಬೇಕು.

ಈಗ ಹಗರಿಬೊಮ್ಮನಹಳ್ಳಿಯಲ್ಲೋ ಹಡಗಲಿಯಲ್ಲೋ ಹೊಸ ಮನೆಗೆ ಬಂದ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ದೀಪ, ಫ್ಯಾನು, ಟಿ.ವಿ., ಫ್ರಿಜ್, ನೀರೆತ್ತುವ ಮೋಟಾರು ಸೇರಿ ತಿಂಗಳಿಗೆ 70 ಯೂನಿಟ್. ಅವರು ಕಟ್ಟಬೇಕಾದ್ದು ಹೆಚ್ಚುವರಿ ಹನ್ನೆರಡು ಯೂನಿಟ್ಟಿನ ಹಣ. ಏಪ್ರಿಲ್ ಬಂತು, ಮನೆಯಲ್ಲಿ ಹಸುಗೂಸು ಇದೆ, ವಯಸ್ಸಾದ ತಂದೆಗೆ ರಾತ್ರಿ ಉಸಿರು ಕಟ್ಟಿದಂತಾಗುತ್ತದೆ. ಕಂತಿನ ಮೇಲೆ ಒಂದು ಟನ್ ಎಸಿ ತರುತ್ತಾರೆ. ರಾತ್ರಿ ಎಂಟು ಗಂಟೆ ಕಾಲ, ಗಂಟೆಗೆ ಸರಾಸರಿ 0.8 ಯೂನಿಟ್ಟಿನಂತೆ ನಡೆದರೂ ತಿಂಗಳಿಗೆ 192 ಯೂನಿಟ್. ಒಟ್ಟು 262. ಇನ್ನೂರರ ಗಡಿ ದಾಟಿತು. ಈಗಿನ ದರ ಯೂನಿಟ್ಟಿಗೆ ಸುಮಾರು ಆರು ರೂಪಾಯಿ. ಅದರ ಮೇಲೆ ತೆರಿಗೆ, ಮಂಜೂರಾದ ಕಿಲೋವಾಟ್ ಲೆಕ್ಕದ ನಿಗದಿತ ಶುಲ್ಕ. ಬಿಲ್ಲು ಎರಡು ಸಾವಿರ ರೂಪಾಯಿಗಳ ಸಮೀಪಕ್ಕೆ ಬರುತ್ತದೆ. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಇದು ಐದು ದಿನಕ್ಕೂ ಮಿಕ್ಕಿದ ಮೈಮುರಿ ದುಡಿಮೆ. ಹಗಲು ಬಿಸಿಲಿನಲ್ಲಿ ದುಡಿದದ್ದನ್ನು ರಾತ್ರಿ ಬಿಸಿಲಿಗೇ ತೆತ್ತಂತಾಯಿತು.

ಈ ಲೆಕ್ಕದಲ್ಲಿ ಎಸಿ ತಂದವರನ್ನು ದೂರುವುದು ಸಲ್ಲದು. ರಾತ್ರಿಯೂ ತಣಿಯದ ಕೋಣೆಯಲ್ಲಿ ದೇಹ ಚೇತರಿಸಿಕೊಳ್ಳುವುದಿಲ್ಲ. ಬೇಸಿಗೆಯ ಸಾವುಗಳ ಹಿಂದೆ ಹಗಲಿನ ಬಿಸಿಲಿನಷ್ಟೇ ರಾತ್ರಿಯ ಸೆಖೆಯೂ ಇರುತ್ತದೆ. ರೋಗಿಗಳಿಗೆ, ವೃದ್ಧರಿಗೆ, ಎಳೆಮಕ್ಕಳಿಗೆ ತಂಪು ಅಗತ್ಯವೇ ಹೊರತು ಭೋಗವಲ್ಲ. ಆದರೆ ಎಸಿ ತರಲಾಗದವರ ಪಾಡೇನು? ತಾಂಡಾದ, ಕೇರಿಯ, ಜನತಾ ಕಾಲೋನಿಯ ಇಕ್ಕಟ್ಟಿನ ಮನೆಗಳಲ್ಲಿ ಒಬ್ಬರ ಯಂತ್ರ ಹೊರಹಾಕಿದ ಶಾಖ ಪಕ್ಕದವರ ಕಿಟಕಿಗೆ ನುಗ್ಗುತ್ತದೆ. ಹಣವಿದ್ದವರ ತಂಪು ಹಣವಿಲ್ಲದವರ ಸೆಖೆಯಾಗುವ ಈ ಅನ್ಯಾಯವನ್ನು ಯಾವ ಮೀಟರೂ ಅಳೆಯುವುದಿಲ್ಲ.

ಬಯಲಿನ ರಾತ್ರಿ, ಮಲೆಯ ಕಾಡು

ಬಯಲುಸೀಮೆಯ ಮನೆಯ ತಾರಸಿಗೂ ಮಲೆಯ ಕಾಡಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ತಂತಿಯ ಮೂಲಕವಿದೆ. ಹರಪನಹಳ್ಳಿ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ಆದರೆ ಕರ್ನಾಟಕದಲ್ಲಿ ಗಾಳಿ ಬಲವಾಗಿ ಬೀಸುವುದು ಮುಂಗಾರಿನ ತಿಂಗಳುಗಳಲ್ಲಿ. ಎಸಿ ಬೇಕಾಗುವುದು ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ. ಸೌರ ವಿದ್ಯುತ್ತು ಸಂಜೆಗೆ ಮುಗಿಯುತ್ತದೆ. ಆ ಹೊತ್ತಿನ ಬೇಡಿಕೆಗೆ ಉಳಿಯುವುದು ಕಲ್ಲಿದ್ದಲು ಮತ್ತು ಜಲವಿದ್ಯುತ್ತು. ಬಳ್ಳಾರಿ ಬಳಿಯ ಕುಡತಿನಿಯ ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯವೇ 1,700 ಮೆಗಾವಾಟ್. ಅದರ ಹೊಗೆಬೂದಿ ಬೀಳುವುದು ಸುತ್ತಲಿನ ಹೊಲಗಳ ಮೇಲೆ.

ಇತ್ತ ಪಶ್ಚಿಮಘಟ್ಟದಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸರ್ಕಾರ ಮುಂದಿಟ್ಟಿದೆ. ಸಿಂಗಳೀಕಗಳ ಅಭಯಾರಣ್ಯದ ಒಡಲಲ್ಲಿ ಸುರಂಗ ಕೊರೆಯುವ ಈ ಯೋಜನೆಗೆ ಕೊಡುವ ಮುಖ್ಯ ಸಮರ್ಥನೆ, ಸಂಜೆ ರಾತ್ರಿಗಳ ಗರಿಷ್ಠ ಬೇಡಿಕೆ. ಕಾದ ತಾರಸಿಗಳೊಡನೆ ಗುದ್ದಾಡುವ ಲಕ್ಷಾಂತರ ಯಂತ್ರಗಳು ಆ ಬೇಡಿಕೆಯ ಒಂದು ಪಾಲು. ಕೂಡ್ಲಿಗಿಯ ಒಂದು ತಾರಸಿಗೆ ಬಳಿದ ಸುಣ್ಣ ಶರಾವತಿಯ ಕಣಿವೆಯನ್ನು ಉಳಿಸಿಬಿಡುತ್ತದೆ ಎಂದರೆ ಅತಿಶಯೋಕ್ತಿಯಾದೀತು. ಆದರೆ ಬೇಡಿಕೆಯನ್ನು ತಗ್ಗಿಸುವ ದಾರಿಯನ್ನು ಹುಡುಕದೆ ಕಾಡು ಕಡಿಯುವ ಯೋಜನೆಯನ್ನು ಮಾತ್ರ ವಿರೋಧಿಸುವುದು ಅರ್ಧ ಹೋರಾಟ.

ಮೊದಲು ಮನೆ, ಆಮೇಲೆ ಯಂತ್ರ

ಹಾಗಾದರೆ ದಾರಿಯೇನು? ಮಣ್ಣಿನ ಮಾಳಿಗೆಗೆ ಹಿಂದಿರುಗಿ ಎಂದು ಯಾರೂ ಯಾರಿಗೂ ಹೇಳಲಾಗದು. ಇರುವ ತಾರಸಿಗೆ ಮಾಳಿಗೆಯ ಗುಣವನ್ನು ಕಲಿಸಬಹುದು.

ಮೊದಲನೆಯದು ಸುಣ್ಣ. ಯುಗಾದಿಗೆ ಮನೆ ಬಳಿಯುವಾಗ ಗೋಡೆಗೆ ಬಳಿದ ಸುಣ್ಣ ತಾರಸಿಗೂ ಏರಲಿ. ಬಿಳಿಯ ಮೈ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಒಳಗಿನ ಉಷ್ಣತೆ ಎರಡರಿಂದ ಐದು ಡಿಗ್ರಿಯಷ್ಟು ಇಳಿಯುವುದುಂಟು. ಅಹಮದಾಬಾದ್ ನಗರ 2013ರಿಂದ ನಡೆಸುತ್ತಿರುವ ಬಿಸಿಗಾಳಿ ಕಾರ್ಯಯೋಜನೆಯಲ್ಲಿ ಬಡವರ ಛಾವಣಿಗೆ ಬಿಳಿ ಬಣ್ಣ ಬಳಿಯುವ ಕೆಲಸ ಸೇರಿಕೊಂಡಿತು. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿಯನ್ನು ರೂಪಿಸಿತು. ಸುಣ್ಣ ಮಳೆಗೆ ತೊಳೆದುಹೋಗುತ್ತದೆ, ವರ್ಷವರ್ಷವೂ ಬಳಿಯಬೇಕು ಎಂಬುದು ನಿಜ. ಮಾಳಿಗೆಗೆ ವರ್ಷವರ್ಷವೂ ಮಣ್ಣು ಹೊತ್ತ ಜನಕ್ಕೆ ಇದು ಹೊರೆಯಲ್ಲ.

ಎರಡನೆಯದು ನೆರಳು. ತಾರಸಿಯ ಮೇಲೆ ಬೋರಲು ಹಾಕಿದ ಮಡಕೆಗಳ ಸಾಲು, ಒಡೆದ ಬಿಳಿ ಟೈಲ್ಸಿನ ಹಾಸು, ಇಲ್ಲವೆ ತೆಂಗಿನ ಗರಿಯ ಚಪ್ಪರ ಯಾವುದಾದರೂ ಸರಿ. ಪಡುವಣ ಗೋಡೆಗೆ ಹೀರೆ, ಅವರೆಯ ಬಳ್ಳಿ ಹಬ್ಬಲಿ. ಹಡಗಲಿಯಲ್ಲಾದರೆ ಮಲ್ಲಿಗೆಯ ಚಪ್ಪರವೇ ಇರಲಿ. ಕಿಟಕಿಗೆ ಅಗಲವಾದ ಸಜ್ಜಾ, ಸೊಳ್ಳೆ ಪರದೆಯ ಜಾಲರಿ ಇದ್ದರೆ ರಾತ್ರಿಯ ತಂಗಾಳಿ ಒಳಬರುತ್ತದೆ.

ಮೂರನೆಯದು ಫ್ಯಾನು. ಹಳೆಯ ಫ್ಯಾನು 75 ವಾಟ್ ನುಂಗಿದರೆ, ಬಿಎಲ್‌ಡಿಸಿ ಎಂಬ ಹೊಸ ಬಗೆಯದಕ್ಕೆ 30 ವಾಟ್ ಸಾಕು. ದಿನಕ್ಕೆ ಹತ್ತು ಗಂಟೆ ತಿರುಗುವ ಎರಡು ಫ್ಯಾನುಗಳಲ್ಲಿ ತಿಂಗಳಿಗೆ 27 ಯೂನಿಟ್ ಉಳಿತಾಯ. 58 ಯೂನಿಟ್ಟಿನ ಮಿತಿಯ ಮನೆಗೆ ಇದು ಹೆಚ್ಚುಕಡಿಮೆ ಅರ್ಧ.

ನಾಲ್ಕನೆಯದು ಏರ್‌ಕೂಲರ್. ಮಾರ್ಚಿಯಿಂದ ಮೇವರೆಗಿನ ಇಲ್ಲಿನ ಒಣಹವೆಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ, ಎಸಿಯ ಕಾಲುಭಾಗದಷ್ಟೂ ವಿದ್ಯುತ್ತು ಕೇಳುವುದಿಲ್ಲ. ಆದರೆ ನೀರು ಕೇಳುತ್ತದೆ. ಕೊಡ ನೀರಿಗೆ ಸರದಿ ನಿಲ್ಲುವ ಊರಿನಲ್ಲಿ ಇದು ಉತ್ತರವಲ್ಲ.

ಇಷ್ಟಾದ ಮೇಲೂ ಅಗತ್ಯವಿದ್ದರೆ ಎಸಿ ಬರಲಿ. ಒಂದೇ ಕೋಣೆಗೆ, ಕೋಣೆಗೆ ತಕ್ಕ ಅಳತೆಯದು, ಹೆಚ್ಚು ನಕ್ಷತ್ರದ್ದು. 2020ರ ಜನವರಿಯಿಂದ ಮಾರಾಟವಾಗುವ ಯಂತ್ರಗಳು 24 ಡಿಗ್ರಿಗೆ ಹೊಂದಿಸಿಕೊಂಡೇ ಬರುತ್ತವೆ. ಅದನ್ನು 18ಕ್ಕೆ ಇಳಿಸದೆ 26ಕ್ಕೆ ಏರಿಸಿ ಜೊತೆಗೆ ಫ್ಯಾನು ಹಾಕಿದರೆ ಬಿಲ್ಲು ಗಣನೀಯವಾಗಿ ಇಳಿಯುತ್ತದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6 ವಿದ್ಯುತ್ತು ಉಳಿಯುತ್ತದೆಂಬುದು ಇಂಧನ ದಕ್ಷತಾ ಬ್ಯೂರೋದ ಅಂದಾಜು. ಸುಣ್ಣ ಬಳಿದ, ನೆರಳಿರುವ ತಾರಸಿಯ ಕೆಳಗೆ ಅದೇ ಯಂತ್ರ ಕಡಿಮೆ ದುಡಿಮೆಯಲ್ಲಿ ಅದೇ ತಂಪನ್ನು ಕೊಡುತ್ತದೆ.

ಹೊಸದಾಗಿ ಕಟ್ಟುವವರಿಗೆ ಇನ್ನೂ ಒಳ್ಳೆಯ ಅವಕಾಶಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ 'ಅಸ್ತ್ರ' ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮೊದಲಾದವರು ಒತ್ತಿದ ಮಣ್ಣಿನ ಇಟ್ಟಿಗೆಯನ್ನು ರೂಢಿಗೆ ತಂದರು. ಸ್ವಲ್ಪವೇ ಸಿಮೆಂಟು ಬೆರೆಸಿದ ಈ ಇಟ್ಟಿಗೆ ಸುಡಬೇಕಾಗಿಲ್ಲ, ಮಳೆಗೆ ಕರಗುವುದೂ ಇಲ್ಲ. ತಾರಸಿಯ ಕಾಂಕ್ರೀಟಿನ ನಡುವೆ ಹೆಂಚುಗಳನ್ನು ತುಂಬಿ ಸಿಮೆಂಟು, ಕಬ್ಬಿಣ, ಶಾಖ ಮೂರನ್ನೂ ತಗ್ಗಿಸುವ ವಿಧಾನವನ್ನು ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದರು. ಆದರ್ಶ ಮನೆಯನ್ನು ಐದು ಮೈಲಿ ಸುತ್ತಿನಲ್ಲಿ ದೊರೆಯುವ ಸಾಮಗ್ರಿಯಿಂದಲೇ ಕಟ್ಟಬೇಕೆಂಬ ಗಾಂಧೀಜಿಯವರ ಮಾತನ್ನು ಬೇಕರ್ ಬಾಳಿನುದ್ದಕ್ಕೂ ನೆನೆದರು. ಅದೇ ಗಾಂಧೀಜಿಯವರ ಚಿತಾಭಸ್ಮವನ್ನು ಇರಿಸಿದ ಸ್ಮಾರಕ ಕೂಡ್ಲಿಗಿಯಲ್ಲಿದೆ. ಅದರ ಸುತ್ತಲಿನ ಐದು ಮೈಲಿಯಲ್ಲಿ ಕಲ್ಲಿಗೂ ಮಣ್ಣಿಗೂ ಬರವಿಲ್ಲ.

ಗ್ರಾಮಸಭೆಯ ಮುಂದಿಡಬೇಕಾದ ಬೇಡಿಕೆಗಳು ಸರಳವಾದವು. ವಸತಿ ಯೋಜನೆಯ ಪ್ರತಿ ಮನೆಯ ಅಂದಾಜಿನಲ್ಲಿ ತಂಪು ಛಾವಣಿಯ ಖರ್ಚೂ ಸೇರಲಿ. ಅಂಗನವಾಡಿ, ಶಾಲೆ, ಆರೋಗ್ಯ ಉಪಕೇಂದ್ರಗಳ ತಾರಸಿಗೆ ಪ್ರತಿ ವರ್ಷ ಯುಗಾದಿಗೆ ಮೊದಲು ಸುಣ್ಣ ಬೀಳಲಿ. ಮೇಸ್ತ್ರಿಗಳಿಗೆ ಹೆಂಚು ತುಂಬಿದ ತಾರಸಿಯ ತರಬೇತಿ ದೊರೆಯಲಿ. ಬೆಂಗಳೂರಿನಲ್ಲಿ ಅನ್ಯರ ಮನೆ ಕಟ್ಟುವ ಈ ಸೀಮೆಯ ಕೈಗಳು ಅದನ್ನು ಒಂದು ವಾರದಲ್ಲಿ ಕಲಿಯಬಲ್ಲವು.

ಮುಂದಿನ ಬೇಸಿಗೆಗೆ ಅಂಗಡಿಯಲ್ಲಿ ಯಂತ್ರದ ಬೆಲೆ ಕೇಳುವ ಮುನ್ನ, ಒಂದು ಸಂಜೆ ಏಳು ಗಂಟೆಗೆ ತಾರಸಿ ಹತ್ತಿ ಬರಿಗಾಲಿನಲ್ಲಿ ನಿಂತು ನೋಡಬೇಕು. ಪಾದ ಸುಟ್ಟರೆ, ತಣಿಸಬೇಕಾದದ್ದು ಮೊದಲು ಯಾವುದನ್ನು ಎಂಬುದು ಅಲ್ಲಿಯೇ ತಿಳಿಯುತ್ತದೆ.